ಡಾಕ್ಟರಿಗೆ ಬೆಕ್ಕಿನ ವಿಷಯ ಹೇಳಿದ್ರಾ?

ಜ್ವರ ಅಂತ ಡಾಕ್ಟರ್ ಹತ್ತಿರ ಹೋದಾಗ ನಾವು ಎಲ್ಲವನ್ನೂ ಹೇಳುತ್ತೇವೆ. ಯಾವತ್ತಿಂದ ಶುರುವಾಯ್ತು, ತಲೆನೋವು ಎಷ್ಟಿದೆ, ವಾಂತಿ ಆಯ್ತಾ, ಊಟ ಸೇರುತ್ತಿಲ್ಲ, ಮೈಕೈ ನೋವು. ಮನೆಗೆ ಹೊಸದಾಗಿ ಬೆಕ್ಕಿನ ಮರಿ ಬಂದಿದೆ, ಆಟ ಆಡುವಾಗ ಕೈ ಪರಚಿತ್ತು ಅನ್ನೋದನ್ನು ಮಾತ್ರ ಹೇಳುವುದಿಲ್ಲ. ಮುಚ್ಚಿಡಬೇಕು ಅಂತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಹೊಳೆಯುವುದೇ ಇಲ್ಲ. ಡಾಕ್ಟರ್ ಕೂಡ ಕೇಳುವುದಿಲ್ಲ, ಹೊರಗೆ ಇನ್ನೂ ಎಷ್ಟೋ ಜನ ಕಾಯುತ್ತಿರುತ್ತಾರೆ. ಆದರೆ ಕೆಲವು ಕಾಯಿಲೆಗಳಲ್ಲಿ ಆ ಒಂದು ಮಾತು ಹೇಳಿದರೆ ಸರಿಯಾದ ಮಾತ್ರೆ ಮೊದಲ ದಿನವೇ ಸಿಗುತ್ತದೆ. ಹೇಳದಿದ್ದರೆ ವಾರಗಟ್ಟಲೆ ಪರೀಕ್ಷೆ, ಕೆಲಸ ಮಾಡದ ಔಷಧ, ಕೆಲವೊಮ್ಮೆ ಐಸಿಯು.

ನಾನು ಡಾಕ್ಟರ್ ಅಲ್ಲ. ಬೆಕ್ಕು, ನಾಯಿ ಎರಡನ್ನೂ ಸಾಕಿಕೊಂಡವಳು, ಅವು ಇಲ್ಲದ ಮನೆಯಲ್ಲಿ ಇರಲಾರದವಳು. ಹಾಗಾಗಿ ಮೊದಲೇ ಕೇಳಿಕೊಳ್ಳುತ್ತೇನೆ, ಇದನ್ನು ಓದಿ ಯಾರೂ ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡಬೇಡಿ. ಪ್ರಾಣಿಗಳಿಂದ, ಕಚ್ಚುವ ಹುಳುಗಳಿಂದ ಬರುವ ಬ್ಯಾಕ್ಟೀರಿಯಾ ಕಾಯಿಲೆಗಳಲ್ಲಿ ಬಹುಪಾಲು ಹಳೆಯ, ಎಲ್ಲ ಕಡೆ ಸಿಗುವ ಆಂಟಿಬಯೋಟಿಕ್‌ಗಳಿಗೇ ಬಗ್ಗುತ್ತವೆ. ಕಷ್ಟ ಇರುವುದು ಯಾವ ಆಂಟಿಬಯೋಟಿಕ್ ಅನ್ನುವುದರಲ್ಲಿ. ಸಾಮಾನ್ಯ ಜ್ವರಕ್ಕೆ, ಸಾಮಾನ್ಯ ಗಾಯಕ್ಕೆ ಕೊಡುವ ಔಷಧ ಇವುಗಳಲ್ಲಿ ಎಷ್ಟೋ ರೋಗಾಣುಗಳಿಗೆ ತಾಗುವುದೇ ಇಲ್ಲ.

ನನ್ನ ಗೆಳತಿಯೊಬ್ಬಳ ಮಗಳಿಗೆ ಕಂಕುಳಲ್ಲಿ ಗಂಟು ಎದ್ದಿತ್ತು. ಮುಟ್ಟಿದರೆ ನೋವು, ಸಂಜೆ ಹೊತ್ತಿಗೆ ಸಣ್ಣ ಜ್ವರ. ಒಬ್ಬರು ಮಾತ್ರೆ ಕೊಟ್ಟರು, ಇಳಿಯಲಿಲ್ಲ. ಇನ್ನೊಬ್ಬರು ಸ್ಕ್ಯಾನ್ ಮಾಡಿಸಿ, ಗಂಟಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗಬಹುದು ಅಂದರು. ಕ್ಯಾನ್ಸರ್ ಅನ್ನೋ ಪದ ಯಾರ ಬಾಯಿಂದಲೂ ಬರಲಿಲ್ಲ, ಆದರೆ ಅವಳ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ, ರಾತ್ರಿಯೆಲ್ಲ ಫೋನ್ ಹಿಡಿದು ಓದುತ್ತಾ ಕೂರುತ್ತಿದ್ದಳು. ಆಮೇಲೆ ನೋಡಿದ ಡಾಕ್ಟರ್ ಗಂಟು ಮುಟ್ಟಿ ನೋಡಿದ ಮೇಲೆ ಮಗುವಿನ ಅದೇ ಕಡೆಯ ಕೈಯನ್ನು ಹಿಡಿದು, ಅಂಗೈ, ಮುಂಗೈ, ಬೆರಳ ಸಂದು ಎಲ್ಲವನ್ನೂ ಬೆಳಕಿಗೆ ತಿರುಗಿಸಿ ನೋಡಿದರಂತೆ. ಹೆಬ್ಬೆರಳ ಬುಡದಲ್ಲಿ ಒಣಗಿದ ಒಂದು ಗೆರೆ, ಅದರ ತುದಿಯಲ್ಲಿ ಒಂದು ಸಣ್ಣ ಕೆಂಪು ಗುಳ್ಳೆ. "ಮನೇಲಿ ಬೆಕ್ಕಿದೆಯಾ ಪುಟ್ಟಾ?" ಅಂದಿದ್ದೇ ತಡ, ಮಗು ಬೆಕ್ಕಿನ ಹೆಸರು, ಬಣ್ಣ, ಅದು ಎಲ್ಲಿ ಮಲಗುತ್ತೆ, ಎಲ್ಲಾ ಹೇಳಿತು. ಅಷ್ಟು ದಿನ ಆ ಮಗುವನ್ನು ಯಾರೂ ಕೇಳಿರಲಿಲ್ಲ.

ಬಾರ್ಟೊನೆಲ್ಲಾ ಹೆನ್ಸೆಲೇ ಅನ್ನುವುದು ಇದರ ಹಿಂದಿನ ಬ್ಯಾಕ್ಟೀರಿಯಾ. ಕಾಯಿಲೆಯನ್ನು ಡಾಕ್ಟರುಗಳು ಕ್ಯಾಟ್ ಸ್ಕ್ರ್ಯಾಚ್ ಡಿಸೀಸ್ ಅನ್ನುತ್ತಾರೆ. ಪರಚಿದ ಜಾಗದಲ್ಲಿ ಕೆಲವು ದಿನಕ್ಕೆ ಗುಳ್ಳೆ ಏಳುತ್ತದೆ, ಆಮೇಲೆ ಒಂದರಿಂದ ಮೂರು ವಾರಕ್ಕೆ ಆ ಕಡೆಯ ಕಂಕುಳಲ್ಲೋ, ಕತ್ತಿನಲ್ಲೋ, ತೊಡೆಸಂದಿನಲ್ಲೋ ಗಂಟು ಬರುತ್ತದೆ. ಅಷ್ಟು ಹೊತ್ತಿಗೆ ಪರಚಿದ್ದು ಮರೆತೇ ಹೋಗಿರುತ್ತದೆ, ಅಲ್ವಾ. ಆರೋಗ್ಯವಂತರಲ್ಲಿ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ, ಗಂಟು ಇಳಿಯಲು ಎರಡು ಮೂರು ತಿಂಗಳು ಹಿಡಿಯಬಹುದು. ಕೆಲವರಿಗೆ ಡಾಕ್ಟರ್ ಅಜಿಥ್ರೊಮೈಸಿನ್ ಕೊಡುತ್ತಾರೆ. ಪ್ಯಾರಿಸ್‌ನ ಮಕ್ಕಳ ಡಾಕ್ಟರ್ ರಾಬರ್ಟ್ ಡೆಬ್ರೇ ಈ ಕಾಯಿಲೆಯನ್ನು 1950ರಲ್ಲೇ ವಿವರಿಸಿ ಬರೆದಿದ್ದರು. ಆದರೆ ಅದರ ಬ್ಯಾಕ್ಟೀರಿಯಾ ಇದೇ ಅಂತ ಗೊತ್ತಾಗಿದ್ದು 1990ರ ದಶಕದ ಶುರುವಿನಲ್ಲಿ. ಅಷ್ಟು ತಡ ಯಾಕೆ ಅಂದರೆ ಈ ಬ್ಯಾಕ್ಟೀರಿಯಾ ಲ್ಯಾಬ್‌ನಲ್ಲಿ ಬೆಳೆಯಲು ವಾರಗಳೇ ಬೇಕು. ಮಾಮೂಲಿ ಕಲ್ಚರ್ ಪರೀಕ್ಷೆಯನ್ನು ಅಷ್ಟು ದಿನ ಇಟ್ಟು ನೋಡುವುದಿಲ್ಲ, ಏನೂ ಇಲ್ಲ ಅಂತ ವರದಿ ಬಂದುಬಿಡುತ್ತದೆ.

ಬೆಕ್ಕಿಗೆ ಮಾತ್ರ ಏನೂ ಆಗಿರುವುದಿಲ್ಲ. ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಅದರ ರಕ್ತದಲ್ಲಿದ್ದರೂ ಅದು ಎಂದಿನಂತೆ ತಿಂದು, ಮಲಗಿ, ಓಡಾಡಿಕೊಂಡಿರುತ್ತದೆ. ಒಂದು ವರ್ಷ ತುಂಬದ ಮರಿಗಳಲ್ಲಿ ಇದು ಜಾಸ್ತಿ, ಅವೇ ಆಟದಲ್ಲಿ ಪರಚುವುದೂ ಜಾಸ್ತಿ.

ಬೆಕ್ಕಿಗಿಂತ ದೊಡ್ಡ ಪಾತ್ರ ಚಿಗಟದ್ದು. ಸೋಂಕಿರುವ ಬೆಕ್ಕನ್ನೂ ಸೋಂಕಿಲ್ಲದ ಬೆಕ್ಕನ್ನೂ ಚಿಗಟವೇ ಇಲ್ಲದ ಕೋಣೆಯಲ್ಲಿ ಒಟ್ಟಿಗೆ ಇಟ್ಟು ನೋಡಿದ್ದಾರೆ, ಹರಡಲಿಲ್ಲ. ಸೋಂಕಿರುವ ಬೆಕ್ಕಿನ ಮೈಮೇಲಿದ್ದ ಚಿಗಟವನ್ನು ತಂದು ಮರಿಗಳ ಮೇಲೆ ಬಿಟ್ಟಾಗ ಹರಡಿತು. ಚಿಗಟ ರಕ್ತ ಕುಡಿದು ಹಾಕುವ ಹಿಕ್ಕೆಯಲ್ಲಿ ಈ ಬ್ಯಾಕ್ಟೀರಿಯಾ ಇರುತ್ತದೆ. ಬೆಕ್ಕು ಮೈ ಕೆರೆದುಕೊಂಡಾಗ ಅದು ಉಗುರಿನ ಸಂದಿಗೆ ಸೇರುತ್ತದೆ, ಆ ಉಗುರು ನಮ್ಮ ಚರ್ಮ ಸೀಳಿದಾಗ ಒಳಗೆ ಹೋಗುತ್ತದೆ. ಅಂದರೆ ಚಿಗಟ ಇಲ್ಲದ ಬೆಕ್ಕಿನಿಂದ ಭಯ ತುಂಬಾ ಕಮ್ಮಿ. ಉಗುರು ಕಿತ್ತು ಹಾಕಿಸುವ ಕ್ರೂರ ಕೆಲಸಕ್ಕೆ ಯಾರಾದರೂ ಇದನ್ನು ನೆಪ ಮಾಡಿಕೊಂಡರೆ ದಯವಿಟ್ಟು ತಡೆಯಿರಿ. ಉಗುರಿನ ತುದಿ ಕತ್ತರಿಸಿದರೆ ಸಾಕು, ಚಿಗಟಕ್ಕೆ ಔಷಧ ಹಾಕಿದರೆ ಸಾಕು.

ಚಿಗಟ ಇದೆಯೋ ಇಲ್ಲವೋ ನೋಡಲು ಹುಳು ಹುಡುಕಬೇಕಿಲ್ಲ. ಬಿಳಿ ಕಾಗದದ ಕರವಸ್ತ್ರವೊಂದನ್ನು ಒದ್ದೆ ಮಾಡಿ ನೆಲಕ್ಕೆ ಹಾಸಿ, ಅದರ ಮೇಲೆ ಬೆಕ್ಕನ್ನು ನಿಲ್ಲಿಸಿ, ಬಾಲದ ಬುಡದಿಂದ ಬೆನ್ನ ಮೇಲಕ್ಕೆ ಹಲ್ಲು ಒತ್ತಾಗಿರುವ ಬಾಚಣಿಗೆಯಲ್ಲಿ ಕೂದಲಿಗೆ ಎದುರಾಗಿ ಬಾಚಿ. ಕಪ್ಪು ಪುಡಿ ಉದುರಿದರೆ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಅದು ಬರೀ ಮಣ್ಣಾದರೆ ಹಾಗೇ ಕಪ್ಪಗೆ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಪ್ರತಿ ಕಣದ ಸುತ್ತ ಕಂದುಗೆಂಪು ಬಣ್ಣ ಒದ್ದೆಯಲ್ಲಿ ಹರಡುತ್ತದೆ. ಅದು ನಿಮ್ಮ ಬೆಕ್ಕಿನದೇ ರಕ್ತ, ಚಿಗಟದ ಹೊಟ್ಟೆಯಿಂದ ಹೊರಗೆ ಬಂದಿದ್ದು.

ಇದೇ ಬಾರ್ಟೊನೆಲ್ಲಾ ಕುಟುಂಬದ ಇನ್ನೊಂದು ಬ್ಯಾಕ್ಟೀರಿಯಾದ ಕಥೆ ನನ್ನನ್ನು ಬಹಳ ಕಾಡಿದೆ. ಪೆರು ದೇಶದಲ್ಲಿ ಒಂದು ಭೀಕರ ಜ್ವರ ಇತ್ತು, ಬೇರೆಯಾಗಿ ಚರ್ಮದ ಮೇಲೆ ಕೆಂಪು ಗಂಟು ಏಳುವ ಕಾಯಿಲೆಯೂ ಇತ್ತು. ಎರಡೂ ಒಂದೇನಾ ಅಂತ ಯಾರಿಗೂ ಖಚಿತ ಇರಲಿಲ್ಲ. ಲಿಮಾ ನಗರದ ವೈದ್ಯ ವಿದ್ಯಾರ್ಥಿ ಡೇನಿಯಲ್ ಕಾರಿಯಾನ್ 1885ರಲ್ಲಿ ಒಬ್ಬ ರೋಗಿಯ ಗಂಟಿನ ರಸವನ್ನು ತನ್ನ ಕೈಗೆ ಚುಚ್ಚಿಸಿಕೊಂಡ. ಜ್ವರ ಬಂತು. ತನಗೆ ಆಗುತ್ತಿದ್ದುದನ್ನೆಲ್ಲ ಬರೆದಿಡುತ್ತಾ ಹೋದ, ಕೈಲಾಗದಾದಾಗ ಗೆಳೆಯರಿಂದ ಬರೆಸಿದ, ಅದೇ ವರ್ಷ ಅಕ್ಟೋಬರ್ 5ರಂದು ತೀರಿಕೊಂಡ. ಎರಡೂ ಒಂದೇ ಕಾಯಿಲೆ ಅಂತ ಗೊತ್ತಾಗಿದ್ದು ಹಾಗೆ. ಹರಡುವುದು ಮರಳು ನೊಣದಿಂದ ಅಂತ ತಿಳಿದಿದ್ದು ಆಮೇಲೆ. ಪೆರುವಿನಲ್ಲಿ ಇವತ್ತಿಗೂ ಅವನು ಸತ್ತ ದಿನವನ್ನು ವೈದ್ಯರ ದಿನವಾಗಿ ನೆನೆಯುತ್ತಾರೆ.

ಪರಚುವುದು ಒಂದು, ಕಚ್ಚುವುದು ಇನ್ನೊಂದು. ಬೆಕ್ಕು ಕಚ್ಚಿದ ಗಾಯ ನೋಡಲು ಏನೂ ಇರುವುದಿಲ್ಲ, ಎರಡು ಚುಕ್ಕೆ ಅಷ್ಟೆ. ನಾಯಿ ಕಚ್ಚಿದರೆ ಎಲ್ಲರೂ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ, ಬೆಕ್ಕು ಕಚ್ಚಿದರೆ ಒರೆಸಿಕೊಂಡು ಸುಮ್ನೆ ಇದ್ದುಬಿಡುತ್ತಾರೆ. ಆದರೆ ಕೀವು ಕಟ್ಟುವ ಸಾಧ್ಯತೆ ಬೆಕ್ಕಿನ ಕಡಿತದಲ್ಲೇ ಜಾಸ್ತಿ. ಅದರ ಹಲ್ಲು ಸಪೂರ, ಚೂಪು. ಆಳಕ್ಕೆ ಇಳಿದು ಹೊರಗೆ ಬರುತ್ತದೆ, ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಬಿಟ್ಟ ಬ್ಯಾಕ್ಟೀರಿಯಾ ಒಳಗೇ ಉಳಿಯುತ್ತದೆ. ಬೆರಳಿಗೆ, ಮಣಿಕಟ್ಟಿಗೆ ಕಚ್ಚಿದರೆ ಚರ್ಮದ ಕೆಳಗೇ ಕೀಲು, ನರಗಳಂತೆ ಕಾಣುವ ಸ್ನಾಯುಗಳ ಹುರಿ ಇರುತ್ತದೆ, ಸೋಂಕು ಅಲ್ಲಿಗೆ ಹೋದರೆ ಬೆರಳು ಮಡಚಲು ಬರದ ಹಾಗೆ ಆಗಬಹುದು.

ಬೆಕ್ಕುಗಳ ಬಾಯಲ್ಲಿ ಪಾಸ್ಚರೆಲ್ಲಾ ಮಲ್ಟೊಸಿಡಾ ಅನ್ನುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇದ್ದೇ ಇರುತ್ತದೆ, ನಾಯಿಗಳಲ್ಲೂ ಎಷ್ಟೋ ಇರುತ್ತದೆ. ಇದರ ಗುರುತು ಅದರ ವೇಗ. ಬೆಳಿಗ್ಗೆ ಕಚ್ಚಿದ್ದು ರಾತ್ರಿಯೊಳಗೆ ಕೆಂಪಾಗಿ, ಬಿಸಿಯಾಗಿ, ಊದಿ, ನಾಡಿ ಬಡಿದಂತೆ ನೋಯತೊಡಗುತ್ತದೆ. ಇಲ್ಲಿಯೇ ನಾನು ಹೇಳಬೇಕಾದ ಮುಖ್ಯ ಮಾತು ಇರುವುದು: ಚರ್ಮದ ಸೋಂಕಿಗೆ ಬಹಳ ಕಡೆ ಮೊದಲು ಕೊಡುವ ಸೆಫಲೆಕ್ಸಿನ್ ಈ ಬ್ಯಾಕ್ಟೀರಿಯಾಗೆ ಸರಿಯಾಗಿ ತಾಗುವುದಿಲ್ಲ, ಎರಿಥ್ರೊಮೈಸಿನ್ ಕೂಡ ಅಷ್ಟಕ್ಕಷ್ಟೆ, ಕ್ಲಿಂಡಮೈಸಿನ್ ಒಂದನ್ನೇ ಕೊಟ್ಟರೆ ಪ್ರಯೋಜನ ಇಲ್ಲ. ಕಡಿತಕ್ಕೆ ಅಂತ ಗೊತ್ತಾದರೆ ಡಾಕ್ಟರ್ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಮಾತ್ರೆ ಬರೆಯುತ್ತಾರೆ. "ಕೈ ಊದಿದೆ" ಅಂತ ಹೇಳುವುದಕ್ಕೂ "ಬೆಕ್ಕು ಕಚ್ಚಿ ಕೈ ಊದಿದೆ" ಅಂತ ಹೇಳುವುದಕ್ಕೂ ಇರುವ ವ್ಯತ್ಯಾಸ ಇಷ್ಟು. ಮೂರು ದಿನ ಕೆಲಸ ಮಾಡದ ಮಾತ್ರೆ ನುಂಗುವುದೋ ಬೇಡವೋ ಅನ್ನುವ ವ್ಯತ್ಯಾಸ.

ನಾಯಿಯ ಜೊಲ್ಲಿನಲ್ಲಿ ಇರುವ ಇನ್ನೊಂದರ ಹೆಸರು ಕ್ಯಾಪ್ನೊಸೈಟೊಫೇಗಾ. ಬಹುತೇಕ ಎಲ್ಲರಿಗೂ ಇದರಿಂದ ಏನೂ ಆಗುವುದಿಲ್ಲ. ಆದರೆ ಗುಲ್ಮ, ಅಂದರೆ ಸ್ಪ್ಲೀನ್, ತೆಗೆಸಿಕೊಂಡವರಿಗೆ, ಲಿವರ್ ಕೆಟ್ಟವರಿಗೆ, ಕುಡಿತ ಜಾಸ್ತಿ ಇರುವವರಿಗೆ, ಕೀಮೊ ತೆಗೆದುಕೊಳ್ಳುತ್ತಿರುವವರಿಗೆ ಇದು ಎರಡು ಮೂರು ದಿನದಲ್ಲಿ ರಕ್ತಕ್ಕೆ ಹಬ್ಬಿ ಜೀವಕ್ಕೇ ಬರಬಹುದು, ಬದುಕಿ ಉಳಿದವರೂ ಬೆರಳು, ಕಾಲು ಕಳೆದುಕೊಂಡಿದ್ದಾರೆ. ಕಚ್ಚಲೇಬೇಕು ಅಂತಿಲ್ಲ, ತೆರೆದ ಗಾಯವನ್ನು ನೆಕ್ಕಿದರೂ ಸಾಕು. ಸ್ಪ್ಲೀನ್ ಇಲ್ಲದವರು ನಾಯಿ ಸಾಕಬಾರದು ಅಂತ ನಾನು ಹೇಳುವುದಿಲ್ಲ. ಸಣ್ಣ ಕಡಿತವಾದರೂ ಜ್ವರ ಬರುವ ತನಕ ಕಾಯದೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ, ಸ್ಪ್ಲೀನ್ ಇಲ್ಲ ಅನ್ನುವುದನ್ನೂ ನಾಯಿ ಕಚ್ಚಿದೆ ಅನ್ನುವುದನ್ನೂ ಒಂದೇ ಉಸಿರಲ್ಲಿ ಹೇಳಿ.

ರೇಬಿಸ್ ಬ್ಯಾಕ್ಟೀರಿಯಾ ಅಲ್ಲ, ವೈರಸ್. ಆದರೂ ಕಡಿತದ ಬಗ್ಗೆ ಬರೆದು ಅದನ್ನು ಬಿಡುವುದು ತಪ್ಪು. ಯಾವ ನಾಯಿ, ಬೆಕ್ಕು ಕಚ್ಚಿದರೂ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಲಸಿಕೆ ಬೇಕಾ ಅಂತ ಅದೇ ದಿನ ಕೇಳಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧ ಇಲ್ಲ. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು ಅನ್ನೋದನ್ನೂ ಹೇಳಿ. ಹೀಗೆ ತೊಳೆಯುವುದರಿಂದ ಬ್ಯಾಕ್ಟೀರಿಯಾವೂ ಎಷ್ಟೋ ಕಮ್ಮಿಯಾಗುತ್ತದೆ.

ಡಾಕ್ಟರಿಗೆ ಹೇಳುವುದು ಬರೀ ಮಾತ್ರೆಗಾಗಿ ಅಲ್ಲ, ಲ್ಯಾಬ್‌ಗಾಗಿಯೂ ಹೌದು. ಇದು ಗೊತ್ತಾದ ಮೇಲೆ ನಾನು ಈ ವಿಷಯ ಹಿಡಿದುಕೊಂಡು ಎಲ್ಲರ ಹತ್ತಿರ ಮಾತಾಡಲು ಶುರು ಮಾಡಿದೆ. ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡವರಿಗೆ, ಅದನ್ನು ತೊಳೆಯುವಾಗ ಕೈಯಲ್ಲಿ ಸಣ್ಣ ಗೀರು ಇದ್ದರೆ, ಮೈಕೊಬ್ಯಾಕ್ಟೀರಿಯಂ ಮರೈನಮ್ ಅನ್ನುವ ಬ್ಯಾಕ್ಟೀರಿಯಾ ಹೊಕ್ಕಬಹುದು. ಕ್ಷಯದ ಬ್ಯಾಕ್ಟೀರಿಯಾದ ನೆಂಟ. ಬೆರಳ ಮೇಲೆ ಒಂದು ಗಂಟು ಬಂದು ವಾರಗಟ್ಟಲೆ ಹಾಗೇ ಇರುತ್ತದೆ, ಆಮೇಲೆ ಕೈ ಮೇಲಕ್ಕೆ ಸಾಲಾಗಿ ಇನ್ನಷ್ಟು ಗಂಟು ಏಳಬಹುದು. ಲ್ಯಾಬ್‌ಗೆ ಮಾದರಿ ಕಳಿಸಿದರೆ ಮಾಮೂಲಿಯಂತೆ 37 ಡಿಗ್ರಿಯಲ್ಲಿ ಇಡುತ್ತಾರೆ, ಅದು ನಮ್ಮ ಮೈಯ ಬಿಸಿ. ಈ ಬ್ಯಾಕ್ಟೀರಿಯಾಗೆ ಬೇಕಾಗಿರುವುದು 30 ಡಿಗ್ರಿಯ ಆಸುಪಾಸು. 37ರಲ್ಲಿ ಅದು ಸರಿಯಾಗಿ ಬೆಳೆಯುವುದೇ ಇಲ್ಲ. "ನಾನು ಮೀನು ಸಾಕುತ್ತೇನೆ" ಅನ್ನುವ ಮಾತು ಡಾಕ್ಟರ್ ಕಿವಿಗೆ ಬಿದ್ದರೆ ಅವರು ಲ್ಯಾಬ್‌ಗೆ ಬೇರೆ ಚೀಟಿ ಬರೆಯುತ್ತಾರೆ.

ಇಲಿ ಸಾಕುವವರದ್ದೂ ಹಾಗೇ. ಇಲಿ ಕಚ್ಚಿದ ಮೇಲೆ ಬರುವ ಒಂದು ಜ್ವರ ಇದೆ, ಜೊತೆಗೆ ಕೀಲು ನೋವು, ಕೈಕಾಲಿನ ಮೇಲೆ ಕೆಂಪು ಗುಳ್ಳೆ. ಗಾಯ ಅಷ್ಟು ಹೊತ್ತಿಗೆ ಮಾಯ್ದಿರುತ್ತದೆ. ಸ್ಟ್ರೆಪ್ಟೊಬ್ಯಾಸಿಲಸ್ ಅನ್ನುವ ಇದರ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಸುಲಭವಾಗಿ ಸಾಯುತ್ತದೆ. ಆದರೆ ಬ್ಲಡ್ ಕಲ್ಚರ್ ಬಾಟಲಿಗಳಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಸಾಮಾನ್ಯವಾಗಿ ಹಾಕಿರುವ ರಾಸಾಯನಿಕವೇ ಇದನ್ನು ಬೆಳೆಯಲು ಬಿಡುವುದಿಲ್ಲ! ಮೊಲಗಳಿಂದ, ಉಣ್ಣೆಗಳಿಂದ ಬರುವ ಟುಲರೀಮಿಯಾದಲ್ಲಿ ವಿಷಯ ಇನ್ನೂ ಗಂಭೀರ. ಅದರ ಬ್ಯಾಕ್ಟೀರಿಯಾ ಗಾಳಿಯಲ್ಲಿ ಸೇರಿ ಲ್ಯಾಬ್‌ನಲ್ಲಿ ಕೆಲಸ ಮಾಡುವವರಿಗೇ ಅಂಟಬಹುದು. ಅನುಮಾನ ಇದ್ದರೆ ಲ್ಯಾಬ್‌ಗೆ ಮೊದಲೇ ತಿಳಿಸಬೇಕು, ಅವರು ಮುನ್ನೆಚ್ಚರಿಕೆ ತೆಗೆದುಕೊಳ್ಳುತ್ತಾರೆ. ನಾವು ಹೇಳದೆ ಬಿಟ್ಟ ಒಂದು ಮಾತಿನಿಂದ ನಮಗೆ ಗುರುತೇ ಇಲ್ಲದ ಒಬ್ಬರಿಗೆ ಕಾಯಿಲೆ ಬರಬಹುದು ಅನ್ನೋದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಪಕ್ಷಿ ಸಾಕುವವರಿಗೆ ಒಂದು ಮಾತು. ಗಿಳಿ ಜಾತಿಯ ಹಕ್ಕಿಗಳ ಹಿಕ್ಕೆ ಒಣಗಿ ಧೂಳಾದಾಗ ಅದನ್ನು ಉಸಿರಾಡಿದರೆ ಸಿಟ್ಟಕೋಸಿಸ್ ಅನ್ನುವ ನ್ಯುಮೋನಿಯಾ ಬರಬಹುದು. 1929-30ರಲ್ಲಿ ಸಾಕಲು ಅಂತ ಹಡಗಿನಲ್ಲಿ ಸಾಗಿಸಿದ ಗಿಳಿಗಳಿಂದ ಇದು ಹಲವು ದೇಶಗಳಿಗೆ ಹರಡಿ ಜನ ಸತ್ತಿದ್ದರು. ಆಗ ಔಷಧ ಇರಲಿಲ್ಲ, ಈಗ ಡಾಕ್ಸಿಸೈಕ್ಲಿನ್ ಇದೆ. ಪಂಜರ ಗುಡಿಸುವ ಮುಂಚೆ ನೀರು ಚಿಮುಕಿಸಿ ಒದ್ದೆ ಮಾಡಿಕೊಳ್ಳಿ, ಧೂಳು ಏಳುವುದಿಲ್ಲ. ಇನ್ನು ಪುಟ್ಟ ಆಮೆಗಳು. ಅವುಗಳ ಮೈಮೇಲೆ, ಅವು ಇರುವ ನೀರಲ್ಲಿ ಸಾಲ್ಮೊನೆಲ್ಲಾ ಇರುತ್ತದೆ. ಮಕ್ಕಳು ಬಾಯಿಗೆ ಇಟ್ಟುಕೊಳ್ಳುತ್ತಾರೆ ಅಂತಲೇ ಅಮೆರಿಕಾದಲ್ಲಿ 1975ರಿಂದ ಚಿಪ್ಪು 4 ಇಂಚಿಗಿಂತ ಚಿಕ್ಕದಿರುವ ಆಮೆಯನ್ನು ಸಾಕಲು ಮಾರುವುದನ್ನು ನಿಷೇಧಿಸಿದ್ದಾರೆ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಆಮೆ, ಹಲ್ಲಿ, ಹಾವು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಂತೂ ತೊಳೆಯಬೇಡಿ.

ನಾಯಿ ಇರುವವರು ಇಲಿ ಜ್ವರವನ್ನು ತಿಳಿದಿರಲೇಬೇಕು. ಲೆಪ್ಟೊಸ್ಪೈರಾ ಅನ್ನುವ ತಿರುಚಿದ ದಾರದಂಥ ಬ್ಯಾಕ್ಟೀರಿಯಾ ಇಲಿಯ, ನಾಯಿಯ, ದನದ ಮೂತ್ರದಲ್ಲಿ ಹೊರಗೆ ಬರುತ್ತದೆ, ನಿಂತ ನೀರಲ್ಲಿ, ಹಸಿ ಮಣ್ಣಲ್ಲಿ ವಾರಗಟ್ಟಲೆ ಬದುಕುತ್ತದೆ, ಕಾಲಿನ ಸಣ್ಣ ಬಿರುಕಿನಿಂದ ನಮ್ಮೊಳಗೆ ಹೋಗುತ್ತದೆ. ಜ್ವರದ ಜೊತೆ ಮೀನಖಂಡ ಮುಟ್ಟಲಾರದಷ್ಟು ನೋವು, ಕೀವಿಲ್ಲದೆ ಕಣ್ಣು ಕೆಂಪಾಗುವುದು, ಕೆಲವರಲ್ಲಿ ಕಾಮಾಲೆ, ಕಿಡ್ನಿ ತೊಂದರೆ. ನಾಯಿಗೆ ಇದರ ಲಸಿಕೆ ಇದೆ, ವರ್ಷ ವರ್ಷ ಹಾಕಿಸಬೇಕು. ಕಾಯಿಲೆ ಬಿದ್ದ ನಾಯಿಯ ಮೂತ್ರವನ್ನು ಬರಿಗೈಯಲ್ಲಿ ಒರೆಸಬೇಡಿ.

ಇನ್ನು ಹುಳುಗಳ ವಿಷಯ. ಇಲ್ಲಿ ಹೇಳದೆ ಬಿಡುವುದು ಇನ್ನೂ ಸುಲಭ, ಯಾಕಂದ್ರೆ ಕಚ್ಚಿದ್ದು ನಮಗೇ ಗೊತ್ತಿರುವುದಿಲ್ಲ.

ಸ್ಕ್ರಬ್ ಟೈಫಸ್ ನೋಡಿ. ಹುಲ್ಲು, ಪೊದೆ ಇರುವ ಕಡೆ ಒಂದು ಬಗೆಯ ನುಸಿಯ, ಅಂದರೆ ಮೈಟ್‌ನ, ಮರಿ ಇರುತ್ತದೆ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಮರಿ ಮಾತ್ರ ಕಚ್ಚುತ್ತದೆ, ಬೆಳೆದ ನುಸಿ ಕಚ್ಚುವುದಿಲ್ಲ. ತಾಯಿ ನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಬ್ಯಾಕ್ಟೀರಿಯಾ ದಾಟುತ್ತಾ ಹೋಗುತ್ತದೆ. ಕಚ್ಚಿದಾಗ ನೋವಿಲ್ಲ. ಹತ್ತು ದಿನದ ಆಸುಪಾಸಿಗೆ ಜೋರು ಜ್ವರ, ತಲೆ ಒಡೆಯುವಂಥ ನೋವು. ಡೆಂಗಿಯಾ, ಟೈಫಾಯ್ಡಾ, ಮಲೇರಿಯಾನಾ ಅಂತ ಪರೀಕ್ಷೆ ಮಾಡಿಸುತ್ತಾರೆ, ಎಲ್ಲ ಇಲ್ಲ ಅಂತ ಬರುತ್ತದೆ. ಆಸ್ಪತ್ರೆಗೆ ಸೇರಿಸಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಡುತ್ತಾರೆ, ಜ್ವರ ಇಳಿಯುವುದಿಲ್ಲ. ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೇ ಕೂತು ಬೆಳೆಯುತ್ತದೆ, ಆ ಜಾತಿಯ ಔಷಧಗಳು ಇದನ್ನು ಕೊಲ್ಲಲಾರವು. ಬೇಕಾಗಿರುವುದು ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೊಮೈಸಿನ್. ಸರಿಯಾದ ಔಷಧ ಬಿದ್ದರೆ ಎಷ್ಟೋ ಜನರಿಗೆ ಎರಡು ದಿನದೊಳಗೆ ಜ್ವರ ಬಿಡುತ್ತದೆ. ತಡವಾದರೆ ಶ್ವಾಸಕೋಶ, ಕಿಡ್ನಿ, ಮೆದುಳು ಎಲ್ಲಕ್ಕೂ ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಸೈನಿಕರನ್ನು ಇದು ಹಣ್ಣು ಮಾಡಿತ್ತು. ಇದಕ್ಕೆ ಔಷಧ ಇದೆ ಅಂತ ಮೊದಲು ತೋರಿಸಿದ್ದು ಯುದ್ಧ ಮುಗಿದ ಮೇಲೆ, 1948ರಲ್ಲಿ, ಕ್ವಾಲಾಲಂಪುರದಲ್ಲಿ ಕ್ಲೋರಂಫೆನಿಕಾಲ್ ಕೊಟ್ಟು ನೋಡಿದಾಗ.

ಇದಕ್ಕೆ ಒಂದು ಗುರುತು ಇದೆ, ಅದು ಮೈಮೇಲೇ ಇರುತ್ತದೆ. ನುಸಿ ಕಚ್ಚಿದ ಜಾಗದಲ್ಲಿ ಒಂದು ಕಪ್ಪು ಹಕ್ಕಳೆ. ಸಿಗರೇಟಿನ ತುದಿಯಿಂದ ಸುಟ್ಟ ಹಾಗೆ, ನಡುವೆ ಕರಿ, ಸುತ್ತ ಕೆಂಪು ಅಂಚು. ನೋಯುವುದಿಲ್ಲ, ಕೆರೆಯುವುದಿಲ್ಲ, ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಇರುವುದೂ ಎಂಥ ಜಾಗದಲ್ಲಿ: ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಕಿವಿಯ ಹಿಂದೆ, ಬಟ್ಟೆಯ ಪಟ್ಟಿ ಬಿಗಿಯುವ ಸೊಂಟದ ಸುತ್ತ, ಗಂಡಸರಲ್ಲಿ ವೃಷಣದ ಚರ್ಮದ ಮೇಲೆ. ನಾಚಿಕೆಗೆ ತೋರಿಸುವುದಿಲ್ಲ, ಅವಸರಕ್ಕೆ ನೋಡುವುದಿಲ್ಲ. ಎಲ್ಲರಲ್ಲೂ ಇದು ಇರುವುದಿಲ್ಲ ಅನ್ನೋದು ನಿಜ. ಆದರೆ ಕಾರಣ ತಿಳಿಯದ ಜ್ವರ ಐದು ದಿನ ದಾಟಿದರೆ, ಮನೆಯವರು ಯಾರಾದರೂ ಬೆಳಕಿನಲ್ಲಿ ಮೈಯ ಮಡಿಕೆಗಳನ್ನೆಲ್ಲ ಒಮ್ಮೆ ನೋಡಿ. ಹಕ್ಕಳೆ ಕಂಡರೆ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ. ರಕ್ತ ಪರೀಕ್ಷೆಯಲ್ಲಿ ಮೊದಲ ವಾರ ಇದು ಸಿಗದೇ ಹೋಗಬಹುದು, ಯಾಕಂದ್ರೆ ಪರೀಕ್ಷೆ ಹುಡುಕುವ ಪ್ರತಿಕಾಯಗಳು ಆಗಿನ್ನೂ ಹುಟ್ಟಿರುವುದಿಲ್ಲ. ಹಕ್ಕಳೆ ಮೊದಲ ದಿನವೇ ಇರುತ್ತದೆ.

ಕಚ್ಚಿದ ಜಾಗವನ್ನು ಹುಡುಕುವುದು ಹೊಸ ಬುದ್ಧಿಯೇನಲ್ಲ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಅಲೆಗ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್ ಕಾಂಗ್‌ನಲ್ಲಿ ಕಂಡುಹಿಡಿದರು, ಆದರೆ ಅದು ಇಲಿಯಿಂದ ಮನುಷ್ಯನಿಗೆ ಹೇಗೆ ಬರುತ್ತದೆ ಅಂತ ಗೊತ್ತಿರಲಿಲ್ಲ. ಪಾಲ್ ಲೂಯಿ ಸಿಮೊಂಡ್ ಅನ್ನುವ ಫ್ರೆಂಚ್ ಡಾಕ್ಟರ್ ರೋಗಿಗಳ ಕಾಲು, ಪಾದಗಳನ್ನು ನೋಡುತ್ತಾ ಹೋದಾಗ ಕೆಲವರಲ್ಲಿ ಒಂದು ಸಣ್ಣ ನೀರ್ಗುಳ್ಳೆ ಕಂಡಿತು. ಅದರೊಳಗೆ ಪ್ಲೇಗಿನ ಬ್ಯಾಕ್ಟೀರಿಯಾ ಇತ್ತು. ಇದು ಚಿಗಟ ಕಚ್ಚಿದ ಜಾಗ ಇರಬೇಕು ಅಂತ ಅವರಿಗೆ ಹೊಳೆಯಿತು, 1898ರಲ್ಲಿ ಕರಾಚಿಯಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಆದರೂ ವರ್ಷಗಟ್ಟಲೆ ಹೆಚ್ಚಿನವರು ನಂಬಲಿಲ್ಲ.

ಉಣ್ಣೆ ಕಚ್ಚುವುದರಿಂದ ಬರುವ ಲೈಮ್ ಕಾಯಿಲೆ ಬೆಳಕಿಗೆ ಬಂದ ಬಗೆ ನನಗೆ ಇದಕ್ಕಿಂತ ಹತ್ತಿರದ್ದು. ಅಮೆರಿಕಾದ ಕನೆಕ್ಟಿಕಟ್ ರಾಜ್ಯದಲ್ಲಿ, ಲೈಮ್ ಅನ್ನುವ ಊರಿನ ಸುತ್ತಮುತ್ತ, ಎಷ್ಟೋ ಮಕ್ಕಳಿಗೆ ಮೊಣಕಾಲು ಊದುತ್ತಿತ್ತು. ಮಕ್ಕಳ ಸಂಧಿವಾತ ಅಂತ ಡಾಕ್ಟರುಗಳು ಹೇಳಿ ಕಳಿಸುತ್ತಿದ್ದರು. ಪಾಲಿ ಮರ್ರೆ ಅನ್ನುವ ತಾಯಿ ಸುಮ್ಮನಿರಲಿಲ್ಲ. ಮನೆಯವರಿಗೆ ಏನೇನಾಯ್ತು, ಊರಲ್ಲಿ ಇನ್ನು ಯಾರಿಗೆ ಹೀಗಾಗಿದೆ ಅಂತ ಬರೆದಿಟ್ಟುಕೊಂಡು 1975ರಲ್ಲಿ ಆರೋಗ್ಯ ಇಲಾಖೆಯ ಬಾಗಿಲು ತಟ್ಟಿದರು. ಇನ್ನೊಬ್ಬ ತಾಯಿಯೂ ಅದೇ ದೂರು ಕೊಟ್ಟಿದ್ದರು. ಯೇಲ್ ವಿಶ್ವವಿದ್ಯಾಲಯದ ಅಲೆನ್ ಸ್ಟೀರ್ ಬಂದು ವಿಚಾರಿಸಿದಾಗ ಎಷ್ಟೋ ಜನ ಕಾಯಿಲೆಗೆ ಮುಂಚೆ ಚರ್ಮದ ಮೇಲೆ ಉಂಗುರದಂತೆ ಹರಡುವ ಕೆಂಪು ಕಲೆ ಇತ್ತು ಅಂದರು. ಕೊನೆಗೆ 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಉಣ್ಣೆಗಳ ಹೊಟ್ಟೆಯಲ್ಲಿ ಆ ಸುರುಳಿ ಬ್ಯಾಕ್ಟೀರಿಯಾವನ್ನು ಕಂಡರು. ತಾಯಂದಿರು ಬರೆದಿಡದೇ ಹೋಗಿದ್ದರೆ ಇನ್ನೆಷ್ಟು ವರ್ಷ ಹಿಡಿಯುತ್ತಿತ್ತೋ.

ಲೈಮ್ ಹರಡುವ ಉಣ್ಣೆಯ ಮರಿ ಒಂದೆರಡು ಮಿಲಿಮೀಟರ್ ಅಷ್ಟೆ. ಒಳ್ಳೆಯ ಸಂಗತಿ ಏನಂದ್ರೆ ಅದು ಕಚ್ಚಿಕೊಂಡ ತಕ್ಷಣ ಬ್ಯಾಕ್ಟೀರಿಯಾ ದಾಟುವುದಿಲ್ಲ, ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಅಂಟಿಕೊಂಡಿರಬೇಕು. ದಿನಾ ಸಂಜೆ ಮೈ ನೋಡಿಕೊಂಡು ಕಿತ್ತರೆ ಬಹಳಷ್ಟು ತಪ್ಪುತ್ತದೆ. ಕೀಳುವಾಗ ತುದಿ ಚೂಪಾಗಿರುವ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ, ಅದರ ಬಾಯಿಯ ಹತ್ತಿರ, ಹಿಡಿದು ತಿರುಚದೆ ನೇರವಾಗಿ ಮೇಲಕ್ಕೆ ಎಳೆಯಿರಿ. ಬೆಂಕಿ ತಾಗಿಸುವುದು, ಸೀಮೆಎಣ್ಣೆ ಹಾಕುವುದು, ನೇಲ್ ಪಾಲಿಶ್ ಬಳಿಯುವುದು ಬೇಡ. ಹೊಟ್ಟೆ ಹಿಸುಕಿದರೆ ಅದರೊಳಗಿನದು ನಮ್ಮೊಳಗೆ ಬರುತ್ತದೆ. ಕಿತ್ತ ಉಣ್ಣೆಯನ್ನು ಬೆರಳಲ್ಲಿ ಹೊಸಕಬೇಡಿ. ಫೋಟೋ ತೆಗೆದಿಡಿ, ತಾರೀಖು ಬರೆದಿಡಿ.

ಬೇರೆ ಜಾತಿಯ ಉಣ್ಣೆಗಳಿಂದ ಬರುವ ಚುಕ್ಕೆ ಜ್ವರಗಳಲ್ಲಿ ಕಾಯುವಷ್ಟು ಸಮಯವೇ ಇರುವುದಿಲ್ಲ. ಅಮೆರಿಕಾದ ರಾಕಿ ಮೌಂಟನ್ ಸ್ಪಾಟೆಡ್ ಫೀವರ್‌ನಲ್ಲಿ ಐದು ದಿನದೊಳಗೆ ಡಾಕ್ಸಿಸೈಕ್ಲಿನ್ ಶುರು ಮಾಡದಿದ್ದರೆ ಸಾಯುವ ಸಾಧ್ಯತೆ ಏರುತ್ತಾ ಹೋಗುತ್ತದೆ. ಅದಕ್ಕೇ ಪರೀಕ್ಷೆಯ ವರದಿಗೆ ಕಾಯದೆ, ಅನುಮಾನ ಬಂದ ಕೂಡಲೇ ಶುರು ಮಾಡಿ ಅಂತ ಅಲ್ಲಿನ ಆರೋಗ್ಯ ಸಂಸ್ಥೆ ಡಾಕ್ಟರುಗಳಿಗೆ ಹೇಳುತ್ತದೆ, ಮಕ್ಕಳಿಗೂ. ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ ಅನ್ನುವ ಹಳೆಯ ಹೆದರಿಕೆಯಿಂದ ಎಷ್ಟೋ ಕಡೆ ಇದನ್ನು ತಡಮಾಡಿದ್ದಾರೆ. ಕೆಲವೇ ದಿನಗಳ ಡಾಕ್ಸಿಸೈಕ್ಲಿನ್‌ನಿಂದ ಹಾಗಾಗುವುದು ಕಂಡುಬಂದಿಲ್ಲ. ಹಾಗಂತ ಅಂಗಡಿಯಿಂದ ತಂದು ನೀವೇ ನುಂಗಬೇಡಿ. ಎಷ್ಟು, ಎಷ್ಟು ದಿನ, ಬಸುರಿಯರಿಗೆ ಯಾವುದು, ಇದೆಲ್ಲ ಡಾಕ್ಟರ್ ಹೇಳಬೇಕಾದ್ದು. ನೀವು ಮಾಡಬೇಕಾದ್ದು ನಾಯಿಯ ಮೈಯಿಂದ ಉಣ್ಣೆ ಕಿತ್ತಿದ್ದೆ, ಹುಲ್ಲಲ್ಲಿ ಕೂತಿದ್ದೆ, ಪ್ರವಾಸ ಹೋಗಿದ್ದೆ ಅನ್ನೋದನ್ನು ಕೇಳದಿದ್ದರೂ ಹೇಳುವುದು.

ಪ್ರಾಣಿಗಳ ಕಡೆಯಿಂದ ಆಗಬೇಕಾದ್ದು ವರ್ಷವಿಡೀ ಚಿಗಟ, ಉಣ್ಣೆಗೆ ಔಷಧ. ಬೇಸಿಗೆಗೆ ಮಾತ್ರ, ಕಂಡಾಗ ಮಾತ್ರ ಅಂದರೆ ಸಾಲದು. ಮೈಮೇಲೆ ಕಾಣುವ ಚಿಗಟ ಸ್ವಲ್ಪವೇ, ಮೊಟ್ಟೆ, ಮರಿ, ಗೂಡು ಎಲ್ಲ ಹಾಸಿಗೆಯಲ್ಲಿ, ನೆಲದ ಸಂದಿಯಲ್ಲಿ ಇರುತ್ತವೆ. ಅವು ಮಲಗುವ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ. ಮತ್ತೆ ಇದನ್ನು ದಯವಿಟ್ಟು ನೆನಪಿಡಿ: ನಾಯಿಗೆ ತಂದ ಔಷಧವನ್ನು ಬೆಕ್ಕಿಗೆ ಹಚ್ಚಬೇಡಿ. ನಾಯಿಗಳ ಎಷ್ಟೋ ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ನಾಯಿಗೆ ಅದು ಏನೂ ಮಾಡುವುದಿಲ್ಲ, ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸಿಕೊಳ್ಳಲು ಬರುವುದಿಲ್ಲ, ನಡುಕ ಬಂದು, ಫಿಟ್ಸ್ ಬಂದು ಸಾಯುತ್ತವೆ. ಮನೆಯಲ್ಲಿ ಎರಡೂ ಇದ್ದರೆ ನಾಯಿಗೆ ಯಾವುದು ಹಚ್ಚಬೇಕು ಅಂತ ಪಶುವೈದ್ಯರನ್ನು ಕೇಳುವಾಗ ಬೆಕ್ಕೂ ಇದೆ ಅಂತ ಹೇಳಿ. ಪರ್ಮೆಥ್ರಿನ್ ಇಲ್ಲದ್ದೇ ಸಿಗುತ್ತದೆ.